‘ಗ್ಯಾನ ಎಲ್ಲಿಟ್ಟಿದ್ದೀಯೋ?’

ನಮ್ಮ ಶಾಲೆಗಳಲ್ಲಿ ಮೇಷ್ಟ್ರುಗಳು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಗಣಿತದ್ದಲ್ಲ, ವ್ಯಾಕರಣದ್ದೂ ಅಲ್ಲ. ‘ಲೇ, ಗ್ಯಾನ ಎಲ್ಲಿಟ್ಟಿದ್ದೀಯೋ?’ ಎಂಬ ಪ್ರಶ್ನೆ. ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಪ್ರಶ್ನೆಯ ಬೆನ್ನಿಗೇ ಬೆತ್ತ ಬೀಳುತ್ತದೆ, ಇಲ್ಲವೆ ಇಡೀ ತರಗತಿ ನಗುತ್ತದೆ. ಉತ್ತರ ಹೇಳಲು ಬಿಟ್ಟಿದ್ದರೆ ಆ ಹುಡುಗ ಏನು ಹೇಳುತ್ತಿದ್ದ? ಗ್ಯಾನ ಹಟ್ಟಿಯಲ್ಲಿದೆ ಸಾ, ಅವ್ವನಿಗೆ ಮೂರು ದಿನದಿಂದ ಜ್ವರ. ಗ್ಯಾನ ಹೊಟ್ಟೆಯಲ್ಲಿದೆ ಸಾ, ನಿನ್ನೆ ರಾತ್ರಿ ಮುದ್ದೆ ಸಾಲಲಿಲ್ಲ. ಗ್ಯಾನ ಬಾಗಿಲ ಹತ್ತಿರ ಇದೆ ಸಾ, ಯಾಕೆಂದರೆ ನೀವು ನನ್ನನ್ನು ಕೂರಿಸಿರುವುದೇ ಬಾಗಿಲ ಹತ್ತಿರ.

ಶಿಕ್ಷಣದ ಚರಿತ್ರೆ ಅಂದರೆ ಮೆಕಾಲೆ, ಹಂಟರ್ ಆಯೋಗ, ವಿಶ್ವವಿದ್ಯಾಲಯಗಳ ಸ್ಥಾಪನೆ ಅಂತ ಉರು ಹೊಡೆದು ಪಾಸಾದವರು ನಾವು. ನಮ್ಮ ಮನೆಗಳಲ್ಲಿ ಡಿಗ್ರಿ ಕಾಗದ ನೋಡಿದ ಮೊದಲ ತಲೆ ನಮ್ಮದೇ. ಆದರೆ ತರಗತಿಯೊಳಗೆ ಕೂತ ಮಗುವಿನ ಗಮನಕ್ಕೂ ಒಂದು ಚರಿತ್ರೆ ಇದೆ ಅಂತ ಯಾರೂ ಪಾಠ ಮಾಡಲಿಲ್ಲ. ಮಗು ಪಾಠದ ಕಡೆ ನೋಡಬೇಕು ಅನ್ನುವುದಕ್ಕೆ ದೊಡ್ಡವರು ಯಾವ್ಯಾವ ಕಾಲದಲ್ಲಿ ಏನೇನು ಮಾಡಿದರು, ಯಾವ ಮಗುವನ್ನು ‘ನೋಡು’ ಅಂದರು, ಯಾವ ಮಗುವನ್ನು ‘ದೂರ ನಿಂತ್ಕೋ’ ಅಂದರು, ಇದನ್ನು ಕೇಳಬೇಕಾಗಿದೆ. ಕಾರಣ ಇಷ್ಟೇ. ‘ಈ ಜನಕ್ಕೆ ಓದಿನ ಕಡೆ ಗಮನವೇ ಇಲ್ಲ’ ಎಂಬ ಮಾತು ಸ್ಟಾಫ್ ರೂಮುಗಳಲ್ಲಿ ಇನ್ನೂ ಜೀವಂತವಾಗಿದೆ. ಅದು ಒಂದು ಮಗುವಿನ ಮೇಲಿನ ದೂರಲ್ಲ, ಒಂದು ಕೇರಿಯ ಮೇಲಿನ ತೀರ್ಪು.

ಬಳ್ಳಾರಿಯಿಂದ ಶುರು ಮಾಡೋಣ. 1822ರ ಜೂನ್ 25ರಂದು ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಡಳಿತದ ಜಿಲ್ಲೆಗಳಲ್ಲಿ ಶಾಲೆಗಳೆಷ್ಟಿವೆ, ಮಕ್ಕಳೆಷ್ಟಿದ್ದಾರೆ ಎಂದು ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದ. 9,27,857 ಜನರಿರುವ ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ ಇತ್ಯಾದಿ. ಸುಮಾರು 140 ಜನಕ್ಕೆ ಒಂದು ಮಗು ಶಾಲೆಯಲ್ಲಿ. ಧರಂಪಾಲ್ ಈ ಕಾಗದಪತ್ರಗಳನ್ನೆಲ್ಲ 1983ರಲ್ಲಿ ಪುಸ್ತಕ ಮಾಡಿ, ನೋಡಿ, ಬ್ರಿಟಿಷರಿಗೆ ಮುಂಚೆ ಶೂದ್ರರ ಮಕ್ಕಳೂ ಓದುತ್ತಿದ್ದರು ಎಂದರು. ಆ ಅಂಕಿಗಳನ್ನು ತಳ್ಳಿಹಾಕಲಾಗದು. ಆದರೆ ಆ ಕೋಷ್ಟಕಗಳಲ್ಲಿ ಬ್ರಾಹ್ಮಣ, ವೈಶ್ಯ, ಶೂದ್ರ ಆದ ಮೇಲೆ ‘ಇತರೆ ಜಾತಿಗಳು’ ಅಂತ ಒಂದು ಕಾಲಮ್ಮಿದೆ. ಊರಾಚೆಯ ಕೇರಿಯ ಮಗು ಅದರೊಳಗಿತ್ತೋ ಹೊರಗಿತ್ತೋ ಕೋಷ್ಟಕ ಬಾಯಿ ಬಿಡುವುದಿಲ್ಲ. ‘ಇತರೆ’ ಎಂಬ ಪದದ ಹೊಟ್ಟೆ ಬಹಳ ದೊಡ್ಡದು, ಎಷ್ಟು ಜನವನ್ನಾದರೂ ನುಂಗಿಕೊಂಡು ಸುಮ್ಮನಿರುತ್ತದೆ.

ಕ್ಯಾಂಪ್‌ಬೆಲ್‌ನ ಕಾಗದದಲ್ಲಿ ನಮಗೆ ಬೇಕಾದ್ದು ಬೇರೆ ಇದೆ. ಆತ ಕೂಲಿಮಠದ ಒಂದು ದಿನವನ್ನೇ ಬರೆದಿಟ್ಟಿದ್ದಾನೆ. ಮುಂಜಾನೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವಕ್ಕೆ ಸರಸ್ವತಿಯ ಹೆಸರು. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೆ ಬರುಬರುತ್ತಾ ಒಂದೊಂದು ಏಟು ಜಾಸ್ತಿ. ಕೊನೆಗೆ ಬಂದವನ ಅಂಗೈ ಏನಾಗಿರಬಹುದು ಲೆಕ್ಕ ಹಾಕಿ. ಕೊನೆಗೆ ಬರುವವನು ಯಾರು? ಕೊಟ್ಟಿಗೆ ಬಾಚಿ, ಸಗಣಿ ಹೊತ್ತು, ನೀರು ಸೇದಿ, ಆಮೇಲೆ ಓಡಿ ಬರುವವನು. ಸರಸ್ವತಿ ಬೇಗ ಎದ್ದವರಿಗೆ ಒಲಿಯಲಿಲ್ಲ, ಬೆಳಿಗ್ಗೆ ಕೆಲಸವಿಲ್ಲದವರಿಗೆ ಒಲಿದಳು.

ಪಾಠದಲ್ಲಿ ಗಮನವಿಲ್ಲದ ಸೋಮಾರಿಗೆ ಹೊಡೆತ. ಅದಕ್ಕೂ ಬಗ್ಗದಿದ್ದರೆ ಎರಡೂ ಕೈ ಕಟ್ಟಿ ರಾಟೆಯಿಂದ ಸೂರಿಗೆ ನೇತುಹಾಕುವುದು. ನಮ್ಮ ಹಿರಿಯರು ‘ಕೋದಂಡ’ ಅನ್ನುತ್ತಿದ್ದುದು ಇದನ್ನೇ. ಇಲ್ಲವೆ ಬಿಡದೆ ಕೂತು ಏಳಿಸುವುದು, ಅಂದರೆ ನಮ್ಮ ಬಸ್ಕಿ. ಇದು ನೋವಿನ ಶಿಕ್ಷೆಯಾದರೂ ಪ್ರಾಯಶಃ ಆರೋಗ್ಯಕ್ಕೆ ಒಳ್ಳೆಯದು ಅಂತ ಕಲೆಕ್ಟರ್ ಸಾಹೇಬರ ಅಭಿಪ್ರಾಯ. ಸಾಹೇಬರಿಗೆ ಯಾರೂ ಬಸ್ಕಿ ಹೊಡೆಸಿರಲಿಲ್ಲ, ಬಿಡಿ.

ಇಷ್ಟು ಹಿಂಸೆ ಕೊಟ್ಟು ಹಿಡಿದ ಗಮನವನ್ನು ಯಾವುದಕ್ಕೆ ಕಟ್ಟುತ್ತಿದ್ದರು? ಅದನ್ನೂ ಆತನೇ ಹೇಳುತ್ತಾನೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಪದ್ಯಗಳು ಅವರಾಡುವ ಭಾಷೆಯಲ್ಲಿರಲಿಲ್ಲ. ನೂರಾರು ಪದ್ಯ ಒಪ್ಪಿಸುವ ಹುಡುಗನಿಗೆ ಅದರ ಅರ್ಥ ಗಿಳಿಗೆ ತಿಳಿದಷ್ಟೇ ತಿಳಿದಿರುತ್ತಿತ್ತು. ಗಂಟಲು ಶಾಲೆಯಲ್ಲಿ, ಮನಸ್ಸು ಎಲ್ಲೋ. ಕಣ್ಣು ಅತ್ತಿತ್ತ ಆಡದಿದ್ದರೆ ಸಾಕು, ಗಮನ ಇದೆ ಅಂತ ಲೆಕ್ಕ. ನಮ್ಮ ಎಷ್ಟೋ ಶಾಲೆಗಳಲ್ಲಿ ಇವತ್ತಿಗೂ ಲೆಕ್ಕ ಅದೇ. ಕೈಕಟ್ಟಿ, ಬಾಯಿಮುಚ್ಚಿ ಅಂದರೆ ಗಮನ. ಮಗು ಪ್ರಶ್ನೆ ಕೇಳಿದರೆ ಗಲಾಟೆ.

ಆ ಕಾಗದದಲ್ಲಿ ಇನ್ನೊಂದು ಮಾತಿದೆ, ಧರಂಪಾಲರೂ ಅದನ್ನು ಎತ್ತಿ ತೋರಿಸಿದರು. ಬಳ್ಳಾರಿ ಸೀಮೆಯಲ್ಲಿ ಶಾಲೆಗಳು ಕಮ್ಮಿಯಾಗುತ್ತಿವೆ, ಯಾಕೆಂದರೆ ಜನ ಬಡವರಾಗಿದ್ದಾರೆ, ಮಕ್ಕಳ ಎಳೆಯ ಕೈಕಾಲು ಬಲಿಯುವ ಮೊದಲೇ ದುಡಿಮೆಗೆ ಹಚ್ಚಬೇಕಾಗಿದೆ ಅಂತ ಕಂಪನಿಯ ನೌಕರನೇ ಒಪ್ಪಿಕೊಂಡ. ಮಗುವಿನ ಗ್ಯಾನ ಎಲ್ಲಿದೆ ಅನ್ನುವ ಪ್ರಶ್ನೆಗೆ ಸರ್ಕಾರಿ ದಫ್ತರಿನಲ್ಲಿ ಸರಿಯಾದ ಉತ್ತರ ಬಿದ್ದು 200 ವರ್ಷವಾಯಿತು.

ಈ ಕೂಲಿಮಠದ ಒಂದು ತಂತ್ರವನ್ನು ಕ್ಯಾಂಪ್‌ಬೆಲ್ ಬಾಯ್ತುಂಬ ಹೊಗಳಿದ. ಕಲಿತ ಹುಡುಗರು ಕಲಿಯದವರಿಗೆ ಹೇಳಿಕೊಡುವುದು, ಮರಳಿನ ಮೇಲೆ ಬೆರಳಲ್ಲಿ ಬರೆಸುವುದು. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯೇ ಎಂದ. ಅದರ ಕತೆ ಹೀಗಿದೆ. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕನಾದ. ಯುರೋಪಿಯನ್ ಸಿಪಾಯಿಗಳ ಮಕ್ಕಳಿದ್ದ ಜಾಗ ಅದು. ಒಂದು ದಿನ ಕುದುರೆ ಮೇಲೆ ಹೋಗುತ್ತಾ ನಾಡಶಾಲೆಯೊಂದರಲ್ಲಿ ಮಕ್ಕಳು ನೆಲದ ಮರಳಿನಲ್ಲಿ ಅಕ್ಷರ ತಿದ್ದುವುದನ್ನು ಕಂಡ. ತನ್ನ ಅನಾಥಾಲಯದ ಮೇಷ್ಟ್ರುಗಳು ಅದನ್ನು ಮಾಡಲು ಒಪ್ಪದಿದ್ದಾಗ ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನನ್ನೇ ಚಿಕ್ಕವರಿಗೆ ಮೇಷ್ಟ್ರು ಮಾಡಿದ. 1797ರಲ್ಲಿ ಲಂಡನ್ನಿನಲ್ಲಿ ಇದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ. ‘ಮದ್ರಾಸ್ ಪದ್ಧತಿ’ ಅಂತ ಹೆಸರಾಯಿತು.

ಅದೇ ಹೊತ್ತಿಗೆ, 1798ರಲ್ಲಿ, ಲಂಡನ್ನಿನ ಬರೋ ರೋಡಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಬಡವರ ಮಕ್ಕಳಿಗೆ ಶಾಲೆ ತೆಗೆದ. ಒಬ್ಬ ಮೇಷ್ಟ್ರು, ನೂರಾರು ಮಕ್ಕಳು, ನಡುವೆ ಮಾನಿಟರುಗಳು. ಇಂಗ್ಲೆಂಡಿನಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಗಮನ ಎಂಬುದನ್ನು ಲ್ಯಾಂಕಾಸ್ಟರ್ ಮಗ್ಗದ ನೂಲಿನ ಹಾಗೆ ಎಳೆದು ಬಿಗಿದ. ಪ್ರತಿ ಮಗುವಿಗೂ ಪ್ರತಿ ನಿಮಿಷವೂ ಒಂದು ಕೆಲಸ, ಒಂದು ಆಜ್ಞೆ, ಒಂದು ಜಾಗ. ಒಂದು ಮಾತು ಅವನ ಪರವಾಗಿ ಹೇಳಬೇಕು. ಸುಮ್ಮನೆ ಕೂತ ಮಗುವೇ ಗಮನ ಕಳೆದುಕೊಳ್ಳುವುದು, ಕೈಗೆ ಕೆಲಸ ಕೊಟ್ಟರೆ ಕಣ್ಣು ತಾನಾಗಿ ಬರುತ್ತದೆ ಎಂದು ಅವನು ಕಂಡುಕೊಂಡ. ಬೆತ್ತ ಬೇಡ ಎಂದ. ಆದರೆ ಬೆತ್ತದ ಬದಲಿಗೆ ತಂದದ್ದೇನು? ಮಾತಾಡಿದ ಹುಡುಗನ ಕೊರಳಿಗೆ ನಾಲ್ಕರಿಂದ ಆರು ಪೌಂಡ್ ತೂಕದ ಮರದ ದಿಮ್ಮಿ. ಇನ್ನೂ ಹೆಚ್ಚಿನ ತಪ್ಪಿಗೆ ಬುಟ್ಟಿಯಲ್ಲಿ ಕೂರಿಸಿ ಶಾಲೆಯ ಸೂರಿಗೆ ಎತ್ತುವುದು, ಕೆಳಗಿನ ಮಕ್ಕಳು ಪಂಜರದ ಹಕ್ಕಿ ಅಂತ ನಗುವುದು.

ಬಳ್ಳಾರಿಯ ಸೂರಿನಲ್ಲೂ ಹುಡುಗ, ಲಂಡನ್ನಿನ ಸೂರಿನಲ್ಲೂ ಹುಡುಗ! ಬಡವರ ಮಗು ಪಾಠ ಕೇಳದಿದ್ದರೆ ನೇತುಹಾಕು ಎಂಬಲ್ಲಿ ಪೂರ್ವ ಪಶ್ಚಿಮ ಎರಡೂ ಕೈಕುಲುಕಿದವು. ನಮ್ಮ ಶಾಲೆಗಳ ಮಾನಿಟರ್ ಈ ವಂಶದವನೇ. ಬೋರ್ಡಿನ ಮೇಲೆ ‘ಮಾತಾಡಿದವರ ಹೆಸರು’ ಬರೆದಿಡುವ ಆ ಪುಟ್ಟ ಅಧಿಕಾರಿ. ಅವನು ಯಾವ ಬೀದಿಯವನಾಗಿರುತ್ತಾನೆ, ಬೋರ್ಡಿನ ಮೇಲೆ ಬರುವ ಹೆಸರುಗಳು ಯಾವ ಬೀದಿಯವು, ಹಳ್ಳಿ ಶಾಲೆಯಲ್ಲಿ ಓದಿದ ಯಾರನ್ನಾದರೂ ಕೇಳಿ.

ಇಷ್ಟೂ ಶಾಲೆಯೊಳಗೆ ಬಂದವರ ಕತೆ. ಇನ್ನು ಬಾಗಿಲಲ್ಲಿ ನಿಂತವನದು.

1856ರ ಜೂನ್. ಧಾರವಾಡ. ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗನ ಪರವಾಗಿ ಅರ್ಜಿ ಹೋಯಿತು. ಸೇರಿಸಿಕೊಳ್ಳಲಿಲ್ಲ. ಅರ್ಜಿ ಮುಂಬಯಿ ಸರ್ಕಾರದ ಮೇಜಿಗೆ ಬಂತು. ಜುಲೈ 21ರ ಠರಾವಿನಲ್ಲಿ ಸರ್ಕಾರ ಹೇಳಿದ್ದರ ಸಾರ ಇದು: ತಾತ್ವಿಕವಾಗಿ ಹುಡುಗನ ಕಡೆ ನ್ಯಾಯ ಇರಬಹುದು, ಆದರೆ ಹೀಗೆ ಕೇಳಿಕೊಂಡು ಬಂದ ಒಬ್ಬನೇ ಒಬ್ಬ ಮಹಾರನಿಗಾಗಿ ಜಾತಿಯವರ ಮಕ್ಕಳ ಜೊತೆ ಅವನನ್ನು ಬಲವಂತವಾಗಿ ಕೂರಿಸಿದರೆ ಉಳಿದವರು ಬಿಟ್ಟು ಹೋಗಿ ಶಾಲೆಯೇ ಉಪಯೋಗಕ್ಕೆ ಬಾರದಂತಾದೀತು. 1857ರ ಜನವರಿ 23ರ ಪತ್ರದಲ್ಲಿ ಕಲ್ಕತ್ತೆಯ ಭಾರತ ಸರ್ಕಾರ, ಬಂಗಾಳ ಪ್ರಾಂತ್ಯದಲ್ಲಾಗಿದ್ದರೆ ಈ ಹುಡುಗನಿಗೆ ಬಹುಶಃ ಪ್ರವೇಶ ತಪ್ಪುತ್ತಿರಲಿಲ್ಲ ಎಂದಿತು. ಕೊನೆಗೆ 1858ರ ಏಪ್ರಿಲ್ 28ರಂದು ಲಂಡನ್ನಿನ ಕೋರ್ಟ್ ಆಫ್ ಡೈರೆಕ್ಟರ್ಸ್, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬುದೇ ನಮ್ಮ ಉದ್ದೇಶ ಎಂದು ಬರೆಯಿತು.

ಧಾರವಾಡದಿಂದ ಮುಂಬಯಿ, ಮುಂಬಯಿಯಿಂದ ಕಲ್ಕತ್ತಾ, ಕಲ್ಕತ್ತಾದಿಂದ ಲಂಡನ್. ಸುಮಾರು ಎರಡು ವರ್ಷ. ಮೂರು ಸರ್ಕಾರಗಳ ಗಮನ ಒಬ್ಬ ಹುಡುಗನ ಮೇಲೆ! ಆ ಹುಡುಗನಿಗೆ ಮಾತ್ರ ಒಂದು ಮಣೆಯಷ್ಟು ಜಾಗ ಸಿಗಲಿಲ್ಲ. ಠರಾವಿನಲ್ಲಿ ಅವನಿಗೆ ಹೆಸರೂ ಇಲ್ಲ, ಜಾತಿ ಒಂದೇ ಇದೆ. ನಮ್ಮ ನಾಡಿನ ಶಿಕ್ಷಣ ಚರಿತ್ರೆ ಬರೆಯುವವರು ಡೆಪ್ಯುಟಿ ಚನ್ನಬಸಪ್ಪನವರ ಹೆಸರನ್ನು ಗೌರವದಿಂದ ಬರೆಯುತ್ತಾರೆ, ಬರೆಯಬೇಕಾದ್ದೇ. ಅದೇ ಧಾರವಾಡದ ಈ ಅರ್ಜಿಯವನನ್ನೂ ಅದೇ ಪುಟದಲ್ಲಿ ಬರೆಯಬೇಕು. ಕನ್ನಡ ನಾಡಿನ ಶಾಲೆಯ ಬಾಗಿಲನ್ನು ಕಾಗದ ಹಿಡಿದು ತಟ್ಟಿದವನು ಅವನು.

ಬಾಗಿಲು ತೆರೆದ ಮೇಲೆ ಏನಾಯಿತು ಅನ್ನುವುದಕ್ಕೆ ನಮ್ಮ ಬಳಿ ಬಾಬಾಸಾಹೇಬರ ಸಾಕ್ಷಿಯಿದೆ. 1900ರ ನವೆಂಬರ್ 7ರಂದು ಸಾತಾರದ ಸರ್ಕಾರಿ ಶಾಲೆಯ ದಾಖಲಾತಿಗೆ ಆ ಹುಡುಗನ ಹೆಸರು ಬಂತು. ತರಗತಿಯಲ್ಲಿ ಅವನಿಗೆ ಪ್ರತ್ಯೇಕ ಮೂಲೆ. ಕೂರಲು ಗೋಣಿತಟ್ಟು, ಅದನ್ನು ದಿನಾ ಮನೆಯಿಂದ ತರಬೇಕು, ಸಂಜೆ ಮನೆಗೆ ಒಯ್ಯಬೇಕು, ಯಾಕೆಂದರೆ ಶಾಲೆ ಗುಡಿಸುವ ಆಳು ಅದನ್ನು ಮುಟ್ಟುವುದಿಲ್ಲ. ಬಾಯಾರಿದರೆ ನಲ್ಲಿ ಮುಟ್ಟುವ ಹಾಗಿಲ್ಲ. ಮೇಷ್ಟ್ರ ಅಪ್ಪಣೆ ಆಗಬೇಕು, ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದಿದ್ದರೆ ನೀರಿಲ್ಲ. ಗೆಳೆಯರೆ, ಇದನ್ನು ನಾವು ಅವಮಾನದ ಕತೆಯಾಗಿ ಎಷ್ಟೋ ಭಾಷಣಗಳಲ್ಲಿ ಹೇಳಿದ್ದೇವೆ. ಗಮನದ ಕತೆಯಾಗಿಯೂ ಒಮ್ಮೆ ಓದಿ ನೋಡಿ. ಗಂಟಲು ಒಣಗಿದ ಒಂಬತ್ತು ವರ್ಷದ ಮಗು ಕಪ್ಪುಹಲಗೆ ನೋಡುತ್ತಿತ್ತೋ, ಜವಾನ ಬರುವ ದಾರಿ ನೋಡುತ್ತಿತ್ತೋ?

ಇನ್ನೊಂದು ಘಟನೆ ಮುಂಬಯಿಯದು, ಎಲ್ಫಿನ್‌ಸ್ಟನ್ ಹೈಸ್ಕೂಲಿನದು. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿದೆ. ಮೇಷ್ಟ್ರು ಒಂದು ಲೆಕ್ಕ ಬಿಡಿಸಲು ಭೀಮರಾವನನ್ನು ಬೋರ್ಡಿನ ಬಳಿಗೆ ಕರೆದರು. ಅವನು ಏಳುತ್ತಿದ್ದಂತೆ ತರಗತಿಯಲ್ಲಿ ಗುಲ್ಲು. ಜಾತಿಯವರ ಮಕ್ಕಳ ಬುತ್ತಿ ಡಬ್ಬಿಗಳು ಬೋರ್ಡಿನ ಹಿಂದೆ ಇದ್ದವು. ಅವನು ಹಲಗೆ ಮುಟ್ಟುವ ಮೊದಲೇ ಎಲ್ಲರೂ ಓಡಿ ಹೋಗಿ ಡಬ್ಬಿ ಎತ್ತಿಕೊಂಡರು. ಆ ಗಳಿಗೆಯಲ್ಲಿ ಆ ತರಗತಿಯಲ್ಲಿ ಲೆಕ್ಕದ ಮೇಲೆ ಗಮನವಿದ್ದದ್ದು ಯಾರಿಗೆ? ಒಬ್ಬನಿಗೇ. ಉಳಿದವರ ಗ್ಯಾನವೆಲ್ಲ ಚಪಾತಿಯ ಮೇಲೆ, ಮೈಲಿಗೆಯ ಮೇಲೆ. ‘ಈ ಜನಕ್ಕೆ ಓದಿನ ಕಡೆ ಗಮನವಿಲ್ಲ’ ಎಂಬ ಮಾತನ್ನು ಈ ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಜಾತಿ ಎಂಬುದು ಮೇಲಿನವರ ಗಮನವನ್ನೂ ಕೆಡಿಸುತ್ತದೆ. ಆದರೆ ಅದಕ್ಕಾಗಿ ಅವರನ್ನು ಯಾರೂ ಬೆಂಚಿನ ಮೇಲೆ ನಿಲ್ಲಿಸಿಲ್ಲ.

ಈ ರೋಗಕ್ಕೆ ಮದ್ದು ಯಾವುದು ಅಂತ ಬಹಳ ಮುಂಚೆ ಹೇಳಿದವರು ಜೋತಿಬಾ ಫುಲೆ. 1848ರಿಂದಲೇ ಸಾವಿತ್ರಿಬಾಯಿಯವರೊಡನೆ ಪುಣೆಯಲ್ಲಿ ಶಾಲೆ ನಡೆಸಿದ ಅನುಭವದ ಮೇಲೆ 1882ರ ಅಕ್ಟೋಬರ್‌ನಲ್ಲಿ ಹಂಟರ್ ಆಯೋಗಕ್ಕೆ ಮನವಿ ಕೊಟ್ಟರು. 12 ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ, ಬೇಸಾಯದ ತಿಳುವಳಿಕೆ ಪಾಠದೊಳಗೆ ಬರಲಿ, ಓದಿನ ರುಚಿಯಿಲ್ಲದ ಜಾತಿಗಳ ಮಕ್ಕಳಿಗೆ ವಿದ್ಯಾರ್ಥಿವೇತನ, ಬಹುಮಾನಗಳಿರಲಿ, ಮೇಷ್ಟ್ರುಗಳು ಮೇಲ್ಜಾತಿಯಿಂದಲೇ ಬರದೆ ಬೇಸಾಯಗಾರ ವರ್ಗಗಳಿಂದಲೂ ಬರಲಿ ಎಂದರು. ಮಗುವಿನ ಗಮನವನ್ನು ಬೆತ್ತದಿಂದ ಎಳೆಯುವುದಲ್ಲ, ಮಗು ಬಿಟ್ಟು ಬಂದ ಕೂಲಿಯ ಲೆಕ್ಕ ಇಟ್ಟುಕೊಂಡು ಮಾತಾಡಿದವರು ಅವರು. ನಮ್ಮ ಕರಾವಳಿಯಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಶಾಲೆಗೆ ಬಂದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರು ಎಂಬ ಮಾತು ಆ ಕಡೆ ಇನ್ನೂ ಉಳಿದಿದೆ. ಇದಕ್ಕೆ ಆಮಿಷ ಅಂತ ಮೂಗು ಮುರಿಯುವವರು ಉಂಟು. ಹಸಿದವನಿಗೆ ಊಟ ಆಮಿಷ, ಉಂಡವನಿಗೆ ಊಟ ಸಂಸ್ಕೃತಿ.

ಊಟದ ವಿಷಯಕ್ಕೇ ಬರೋಣ. ತಮಿಳುನಾಡಿನಲ್ಲಿ ಕಾಮರಾಜ್ 1956ರಲ್ಲಿ ಬಡಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟ ಶುರು ಮಾಡಿದರು, 1982ರಲ್ಲಿ ಎಂ. ಜಿ. ಆರ್. ಅದನ್ನು ದೊಡ್ಡದು ಮಾಡಿದರು. ದೇಶದ ಉಳಿದ ಭಾಗದ ಹಸಿವು ಕೋರ್ಟಿಗೆ ಹೋಗಬೇಕಾಯಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕು, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ ಎಂದು ಆಜ್ಞೆ ಮಾಡಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಮೊದಲಾಯಿತು. ಅದರಲ್ಲಿ ಬಳ್ಳಾರಿಯೂ ಒಂದು. ಮಕ್ಕಳ ಎಳೆಯ ಕೈಕಾಲಿನ ಮಾತನ್ನು ಕ್ಯಾಂಪ್‌ಬೆಲ್ ಬರೆದ 179 ವರ್ಷಕ್ಕೆ ಅದೇ ಬಳ್ಳಾರಿಯ ಶಾಲೆಯಲ್ಲಿ ಅನ್ನದ ಡಬರಿ ಒಲೆ ಮೇಲೆ ಕೂತಿತು.

ಅನ್ನ ಬಂದ ಮೇಲೂ ಜಗಳ ಮುಗಿಯಲಿಲ್ಲ. ದಲಿತ ಹೆಣ್ಣುಮಗಳು ಅಡುಗೆ ಮಾಡಿದರೆ ಮಕ್ಕಳನ್ನು ಊಟಕ್ಕೆ ಕೂರಿಸದ ಊರುಗಳ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಬೀದಿಗೆ ಬಂದರು. ಮಗುವಿಗೆ ಮೊಟ್ಟೆ ಬೇಡವಾದರೆ ಬಾಳೆಹಣ್ಣು ಇತ್ತು. ಆದರೂ ಪಕ್ಕದ ಮಗುವಿನ ತಟ್ಟೆಯಲ್ಲಿ ಮೊಟ್ಟೆ ಕಂಡರೆ ನಮ್ಮ ಮಕ್ಕಳ ಮನಸ್ಸು ಕೆಡುತ್ತದೆ ಅಂದರು. ಎಲ್ಫಿನ್‌ಸ್ಟನ್ ಹೈಸ್ಕೂಲಿನ ಡಬ್ಬಿಗಳು ಇನ್ನೂ ಬೋರ್ಡಿನ ಹಿಂದೆಯೇ ಇವೆ.

ಹೊಟ್ಟೆ ತುಂಬಿದರೆ ಗಮನ ತಾನೇ ಬರುತ್ತದೆಯೆ? ಇಲ್ಲ. ಊಟ ಮಗುವನ್ನು ತರಗತಿಯಲ್ಲಿ ಕೂರಿಸುತ್ತದೆ, ಕಲಿಸುವುದು ಮೇಷ್ಟ್ರೇ. ಇಲ್ಲಿ ಮೇಷ್ಟ್ರುಗಳ ಪಾಡನ್ನೂ ಹೇಳಬೇಕು, ಓದುಗರಲ್ಲಿ ಹಳ್ಳಿ ಮೇಷ್ಟ್ರುಗಳೇ ಹೆಚ್ಚು. ಒಬ್ಬರೇ ಮೇಷ್ಟ್ರು, ಒಂದೇ ಕೋಣೆ, ನಾಲ್ಕು ತರಗತಿ. ಒಂದನೇ ತರಗತಿಗೆ ಅ ಆ ಇ ಈ, ಅದೇ ಹೊತ್ತಿಗೆ ನಾಲ್ಕನೇ ತರಗತಿಗೆ ಭಾಗಾಕಾರ. ಮೂರು ತರಗತಿ ಸುಮ್ಮನೆ ಕೂತಿರಬೇಕು. ಸುಮ್ಮನೆ ಕೂತ ಮಗು ಕಿಟಕಿ ನೋಡದೆ ಇನ್ನೇನು ನೋಡೀತು? ಒಬ್ಬರೇ ಮೇಷ್ಟ್ರಿರುವ ಶಾಲೆಗಳಿಗೆ ಇನ್ನೊಬ್ಬ ಮೇಷ್ಟ್ರು, ಎರಡಾದರೂ ಕೋಣೆ ಎಂಬ ಗುರಿಯಿಟ್ಟು ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಬಂದದ್ದು 1987ರಲ್ಲಿ. ಸ್ವಾತಂತ್ರ್ಯ ಬಂದು 40 ವರ್ಷಕ್ಕೆ.

ಈ ಗಂಟನ್ನು ಬಿಚ್ಚಲು ನಮ್ಮಲ್ಲೇ ಒಂದು ಒಳ್ಳೆಯ ಪ್ರಯತ್ನ ನಡೆಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ ಕಲಿ’ ಶುರುವಾಯಿತು. ಕಾಡಂಚಿನ ತಾಲ್ಲೂಕು, ಜೇನುಕುರುಬರ ಹಾಡಿಗಳಿರುವ ಸೀಮೆ. ಆಂಧ್ರದ ರಿಷಿ ವ್ಯಾಲಿಯವರು ಸುತ್ತಲ ಹಳ್ಳಿಗಳ ಶಾಲೆಗೆ ಮಾಡಿದ್ದ ಕಲಿಕಾ ಕಾರ್ಡುಗಳನ್ನು ನಮ್ಮ ಮೇಷ್ಟ್ರುಗಳು ಹೋಗಿ ನೋಡಿ ಬಂದರು. ಬಂದು ತಾವೇ ಕೂತು ಕನ್ನಡದಲ್ಲಿ, ನಮ್ಮ ಹಾಡು, ನಮ್ಮ ಕತೆ ಸೇರಿಸಿ ಕಾರ್ಡು ಮಾಡಿದರು. ಇದು ಮೇಲಿನಿಂದ ಇಳಿದ ಸುತ್ತೋಲೆಯಾಗಿರಲಿಲ್ಲ, ಆದ್ದರಿಂದಲೇ ನನಗೆ ಅದರ ಮೇಲೆ ಪ್ರೀತಿ.

ಅದರ ಕೆಲಸದ ಬಗೆ ಹೀಗೆ. ಗೋಡೆಯ ಮೇಲೆ ಕಲಿಕೆಯ ಏಣಿ. ಒಂದೊಂದು ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿನ ಮೇಲೆ ಒಂದು ಚಿತ್ರದ ಗುರುತು. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ತಾನೇ ನೋಡುತ್ತದೆ, ತಾನೇ ಕಾರ್ಡು ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಮೇಷ್ಟ್ರು ಹೇಳಿಕೊಡಬೇಕು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದು ಗುಂಪು ತಾನೇ ಮಾಡಿಕೊಳ್ಳುತ್ತದೆ. ಒಂದು, ಎರಡು, ಮೂರನೇ ತರಗತಿಯವರು ಬೆರೆತು ಕೂರುತ್ತಾರೆ. ಹತ್ತಿ ಬಿಡಿಸುವ ಕಾಲದಲ್ಲಿ, ಕಾಫಿ ಕೊಯ್ಲಿನ ಕಾಲದಲ್ಲಿ ಅಪ್ಪ ಅವ್ವನ ಜೊತೆ ಗುಳೆ ಹೋಗಿ ಒಂದು ತಿಂಗಳು ಬಿಟ್ಟು ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಇದು ಸಣ್ಣ ವಿಷಯವಲ್ಲ. ಹಳೆಯ ತರಗತಿಯಲ್ಲಿ ತಿಂಗಳು ತಪ್ಪಿಸಿಕೊಂಡ ಮಗುವಿಗೆ ಪಾಠ ಅರ್ಥವಾಗುವುದಿಲ್ಲ. ಅರ್ಥವಾಗದ್ದರ ಮೇಲೆ ಗಮನ ನಿಲ್ಲುವುದಿಲ್ಲ. ಗಮನ ಇಲ್ಲ ಅಂತ ಏಟು. ಏಟಿನ ಭಯಕ್ಕೆ ಮತ್ತೆ ಶಾಲೆ ತಪ್ಪಿಸುವುದು. ನಮ್ಮ ಕೇರಿಯ ಅರ್ಧ ಮಕ್ಕಳು ಶಾಲೆ ಬಿಟ್ಟದ್ದು ಈ ಸುಳಿಯಲ್ಲಿ ಸಿಕ್ಕಿಯೇ.

2009-10ರಲ್ಲಿ ಇದನ್ನು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದರು. ಹರಡಿದಾಗ ಎಲ್ಲ ಕಡೆ ಅದೇ ಜೀವ ಉಳಿಯಿತು ಅಂತ ಹೇಳಲಾರೆ. ತಾವೇ ಕಾರ್ಡು ಮಾಡಿದ ಮೇಷ್ಟ್ರಿಗೂ, ಪಾರ್ಸಲ್ಲಿನಲ್ಲಿ ಕಾರ್ಡು ಬಂದ ಮೇಷ್ಟ್ರಿಗೂ ವ್ಯತ್ಯಾಸವಿದೆ. ಜೊತೆಗೆ ಜನಗಣತಿ, ಚುನಾವಣೆ, ಮತದಾರರ ಪಟ್ಟಿ, ಊಟದ ಲೆಕ್ಕ. ಮಕ್ಕಳ ಗಮನ ಕೇಳುವ ಸರ್ಕಾರ ಮೇಷ್ಟ್ರ ಗಮನವನ್ನು ನೂರು ಕಡೆ ಹರಿದು ಹಂಚಿದೆ.

ಬೆತ್ತದ ಮಾತು ಮಿಕ್ಕಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ‘ಏಟು ಹೋಯ್ತು, ಭಯ ಹೋಯ್ತು, ಗಮನವೂ ಹೋಯ್ತು’ ಅನ್ನುವ ಮೇಷ್ಟ್ರುಗಳನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಳ್ಳೆಯವರೂ ಇದ್ದಾರೆ. ಅವರಿಗೆ ನನ್ನ ಕೋರಿಕೆ ಒಂದೇ: ಆ ಕಲಮಿನ ಎರಡನೇ ಅರ್ಧವನ್ನೂ ಓದಿ. ಮಾನಸಿಕ ಹಿಂಸೆ ಅಂದರೆ ಬೈಗುಳ ಒಂದೇ ಅಲ್ಲ. ಸ್ಕಾಲರ್‌ಶಿಪ್ ಪಟ್ಟಿ ಓದುವಾಗ ‘ಎಸ್ಸಿಗಳೆಲ್ಲ ಎದ್ದು ನಿಲ್ರಿ’ ಅನ್ನುವುದೂ ಹೌದು. ನಾನು ಓದಿದ ಒಂದು ಶಾಲೆಯಲ್ಲಿ ಪ್ರತಿ ವರ್ಷ ಜುಲೈನಲ್ಲಿ ಹೀಗೆ ನಿಂತಿದ್ದೇವೆ. ಕೂತ ಮೇಲೆ ಆ ಪೀರಿಯಡ್ಡಿನ ಪಾಠ ಯಾವುದಿತ್ತು ಅಂತ ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಪೊರಕೆ ಹಿಡಿಯಲು ಯಾವ ಮಕ್ಕಳನ್ನು ಕರೆಯುತ್ತೀರಿ, ನೀರು ತರಲು ಯಾವ ಮಕ್ಕಳನ್ನು ಕಳಿಸುತ್ತೀರಿ, ಅದನ್ನೂ ಮಕ್ಕಳು ಗಮನವಿಟ್ಟು ನೋಡುತ್ತಿರುತ್ತಾರೆ. ಆ ಪಾಠ ಅವರಿಗೆ ಒಂದೇ ಸಲಕ್ಕೆ ಬಾಯಿಪಾಠವಾಗುತ್ತದೆ.

ನಲಿ ಕಲಿ ಕೋಣೆಯೊಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಕೆಳಭಾಗ. ನೆಲದಿಂದ ಮಗುವಿನ ಎದೆಯೆತ್ತರಕ್ಕೆ, ಸುತ್ತಲೂ ಕಪ್ಪು ಬಣ್ಣ ಬಳಿದಿರುತ್ತಾರೆ. ಮಗು ನೆಲದಲ್ಲಿ ಕೂತು ಬರೆಯಲಿ ಅಂತ. ಮೇಷ್ಟ್ರೂ ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂರುತ್ತಾರೆ. ಸಂಜೆ ಬೆಲ್ಲು ಹೊಡೆಯುವ ಹೊತ್ತಿಗೆ ಆ ಗೋಡೆ ತುಂಬ ಸೊಟ್ಟಸೊಟ್ಟ ಅಕ್ಷರ, ಕಾಲುಗಳಿಲ್ಲದ ಆನೆ, ಮೂರು ಕಣ್ಣಿನ ಸೂರ್ಯ, ಯಾರದೋ ಹೆಸರು. ಒಂದು ಬದಿಯಲ್ಲಿ ಸುಣ್ಣದ ಕಡ್ಡಿಯ ತುಂಡು ಹಿಡಿದ ಹುಡುಗಿ ಇನ್ನೂ ಬರೆಯುತ್ತಲೇ ಇರುತ್ತಾಳೆ, ಬೆಲ್ಲು ಕೇಳಿಸಿರುವುದಿಲ್ಲ.